ಏಳನೇ ನಂಬರ್ ಬಸ್ಸಿನ ಬುಟ್ಟಿ

ಹಿಂದಿನ ಸೀಟು ಕಿತ್ತ ಮೆಕ್ಯಾನಿಕ್ಕನೇ ಅದನ್ನು ಮೊದಲು ಕಂಡದ್ದು. ಕಂಡವನು ಕೂಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. ಬಸ್ಸಿನಿಂದ ಇಳಿದು ಡಿಪೊದ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ. ಏನಾಯಿತೆಂದು ಕೇಳಿದವರಿಗೆ ಬಸ್ಸಿನ ಕಡೆ ಕೈ ತೋರಿಸಿದ, ಅಷ್ಟೆ.

ಇನ್ಸ್‌ಪೆಕ್ಟರ್ ದಲಂದಾ ಬರುವ ಹೊತ್ತಿಗೆ ವಾದಿ ರತ್ಮಾ ಊರಿನ ಅರ್ಧ ಜನ ಡಿಪೊದ ಗೇಟಿನಲ್ಲಿದ್ದರು. ಬೆಳಗಿನ ಬಸ್ಸುಗಳು ಹೊರಟಿರಲಿಲ್ಲ. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಮುದುಕಿಯರು, ಕೋಳಿ ಕಟ್ಟಿಕೊಂಡ ರೈತರು, ಎಲ್ಲರೂ ಸುಮ್ಮನೆ ನಿಂತಿದ್ದರು. ಬಸ್ಸು ತಡವಾದರೆ ಬೈಯುವ ಊರು ಅದು. ಇವತ್ತು ಯಾರೂ ಬೈಯಲಿಲ್ಲ.

ಟುನೀಷಿಯಾದ ದಕ್ಷಿಣದಲ್ಲಿ, ಗಡಿಗೆ ಹತ್ತಿರದ ಆ ಪ್ರಾಂತದ ಬಸ್ ಕಂಪನಿಗೆ ಅರವತ್ತು ತುಂಬುವುದರಲ್ಲಿತ್ತು. ಫ್ರೆಂಚರು ಬಿಟ್ಟುಹೋದ ಗ್ಯಾರೇಜಿನಲ್ಲಿ ಆರು ಹಳೆಯ ಬಸ್ಸುಗಳಿದ್ದವು. ಕಂಪನಿ ತಾನಾಗಿ ಕೊಂಡ ಮೊದಲನೆಯದು ಈ ಏಳನೇ ನಂಬರು. ಹೆರಿಗೆಗೆ ಹೊರಟ ಹೆಂಗಸರು, ಗಣಿಗೆ ಹೊರಟ ಗಂಡಸರು, ಹಬ್ಬದ ಕುರಿಗಳು, ಎಲ್ಲರನ್ನೂ ಅದು ಗಡಿಯ ಬಿರ್ ಜಫ್ನಾದವರೆಗೆ ಹೊತ್ತೊಯ್ದಿತ್ತು. ಇಂಜಿನ್ ಸತ್ತು ಮೂಲೆಗೆ ನಿಂತ ಮೇಲೂ ಅದು ಗುಜರಿಗೆ ಹೋಗದಂತೆ ಕಾದವನು ತಿಜಾನಿ. ಒಂದು ಕಾಲದಲ್ಲಿ ಅದರ ಡ್ರೈವರ್, ಆಮೇಲೆ ಡಿಪೊದ ಮುಖ್ಯಸ್ಥ, ಈಗ ನಿವೃತ್ತ. ಹೊಸ ಮ್ಯಾನೇಜರ್ ಬೂರಾವಿ ವಾರ್ಷಿಕೋತ್ಸವಕ್ಕೆ ಆ ಬಸ್ಸನ್ನು ಮತ್ತೆ ಓಡಿಸಲು ಹೊರಟಿದ್ದ.

"ನಾನೇ ಬಿಚ್ಚಿ ಅಂದೆ ಮೇಡಂ," ಎಂದ ಬೂರಾವಿ. "ತಿಜಾನಿ ಸಾಹೇಬ್ರು ಬೇಡ ಅಂದಿದ್ರು. ಹೊರಗೆ ಬಣ್ಣ ಹೊಡೆದು ಗೇಟಿನಲ್ಲಿ ನಿಲ್ಲಿಸಿ ಸಾಕು, ನೆಲ ಎಬ್ಬಿಸಿದ್ರೆ ಬಸ್ಸು ಉದುರಿಹೋಗತ್ತೆ ಅಂತ. ಅವರು ಕಣ್ಣಿನ ಆಪರೇಷನ್‌ಗೆ ಸ್ಫಾಕ್ಸಿಗೆ ಹೋದದ್ದೇ ಸಮಯ ಅಂತ ನಾನು..."

"ಮುದುಕರ ಮಾತು ಕೇಳಬೇಕಿತ್ತು," ಎಂದ ಹವಾಲ್ದಾರ್ ಖಮೀಸ್. ಅವನಿಗೂ ನಿವೃತ್ತಿ ಹತ್ತಿರವಿತ್ತು. ಭಯವಾದಾಗ ಅವನ ಬಾಯಿ ಜಾಸ್ತಿ ಓಡುತ್ತಿತ್ತು.

ದಲಂದಾ ಬಸ್ಸು ಹತ್ತಿದಳು.

ಹಿಂದಿನ ಸೀಟಿನ ಕೆಳಗೆ ತಗಡು ಎಬ್ಬಿಸಿದ್ದರು. ಅದರಡಿಯಲ್ಲಿ ಒಂದು ಗೂಡು. ಉದ್ದಕ್ಕೆ, ಶವಪೆಟ್ಟಿಗೆಯಷ್ಟು. ತುಂಬ ಸುಣ್ಣ. ಸುಣ್ಣದಲ್ಲಿ ಮಡಿಸಿಕೊಂಡು ಮಲಗಿದ ಮನುಷ್ಯನ ಮೂಳೆ. ಒಣಗಿದ ಕೋಟು, ಅದರ ಮೇಲೆ ಖರ್ಜೂರದ ಮರದ ಗುರುತಿನ ಹಿತ್ತಾಳೆ ಗುಂಡಿಗಳು. ಕಂಪನಿಯ ಹಳೆಯ ಸಮವಸ್ತ್ರ.

"ತಲೆ ಹಿಂದಕ್ಕೆ ಪೆಟ್ಟು ಬಿದ್ದಿದೆ," ಎಂದರು ಡಾಕ್ಟರು. "ಒಂದೇ ಏಟು. ಕಬ್ಬಿಣದ್ದು. ಬಹಳ ವರ್ಷ ಆಗಿದೆ."

"ನಾತ ಬರಲಿಲ್ವಾ?" ಎಂದ ಬೂರಾವಿ.

ಖಮೀಸ್ ಗೋಡೆಯಾಚೆ ಬೆರಳು ತೋರಿಸಿದ. "ಈಚೆಗೆ ಮುಚ್ಚೋವರೆಗೆ ಅಲ್ಲಿ ಚರ್ಮ ಹದ ಮಾಡ್ತಿದ್ರು ಸಾಹೇಬ್ರೇ. ಈ ಮೂಲೇಲಿ ಯಾವ ನಾತಕ್ಕೆ ಯಾರು ತಲೆ ಕೆಡಿಸಿಕೊಳ್ತಿದ್ರು."

ದಲಂದಾಳಿಗೆ ಅವರ ಮಾತು ದೂರದಿಂದ ಕೇಳಿದಂತಿತ್ತು. ಅವಳು ಮೂಳೆಯನ್ನು ನೋಡುತ್ತಿರಲಿಲ್ಲ. ಕಾಲಿನ ಕಡೆ, ಸುಣ್ಣ ತಾಕದ ಮೂಲೆಯಲ್ಲಿ ಒಂದು ಹುಲ್ಲಿನ ಬುಟ್ಟಿ ಇತ್ತು. ದೂರದಲ್ಲಿದ್ದ ಗಂಡನಿಗೋ ಮಗನಿಗೋ ಹೆಂಗಸರು ಬಸ್ಸಿನಲ್ಲಿ ಊಟ ಕಳಿಸುವ ಬುಟ್ಟಿ. ದಾರಿಯಲ್ಲಿ ಯಾರೂ ಕೈ ಹಾಕದಂತೆ ಬಾಯನ್ನು ಉಣ್ಣೆ ದಾರದಿಂದ ಹೊಲಿದಿತ್ತು. ಹೊಲಿಗೆಯ ಕೊನೆಯಲ್ಲಿ, ಕೆಟ್ಟ ಕಣ್ಣು ತಾಕದಿರಲೆಂದು, ಕೆಂಪು ದಾರದ ಮೀನು. ಮೀನು ಎಲ್ಲ ಹೆಂಗಸರೂ ಹಾಕುತ್ತಿದ್ದರು. ಆದರೆ ಎಲ್ಲರ ಮೀನೂ ಬಲಕ್ಕೆ ತಿರುಗಿರುತ್ತಿತ್ತು. ಇದು ಎಡಕ್ಕೆ ತಿರುಗಿತ್ತು.

ಎಡಗೈಯಲ್ಲಿ ಹೊಲಿಯುವ ಹೆಂಗಸು ಆ ಊರಿನಲ್ಲಿ ಒಬ್ಬಳೇ ಇದ್ದಳು. ಪೊಲೀಸ್ ಶಾಲೆಯಲ್ಲಿದ್ದಾಗ ಅಂಥ ಮೀನನ್ನು ಪ್ರತಿ ವಾರ ಕತ್ತರಿಸಿ ದಲಂದಾ ಊಟ ಮಾಡಿದ್ದಳು.

"ಮೇಡಂ, ಕೂತ್ಕೊಳ್ಳಿ," ಎಂದ ಖಮೀಸ್. "ಮುಖ ಬಿಳಿಚಿಕೊಂಡಿದೆ."

"ಸುಣ್ಣದ ಧೂಳು," ಎಂದಳು ಅವಳು.

*

ದಲಂದಾಳಿಗೆ ಅಪ್ಪನ ಮುಖ ನೆನಪಿರಲಿಲ್ಲ. ಹೆಸರು ಹಶ್ಮಿ. ಬಿರ್ ಜಫ್ನಾದ ಕೊನೆಯ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಗಳಿಗೆ ಮಾತು ಬರುವ ಮೊದಲೇ ಹೆಂಡತಿಯನ್ನು ಬಿಟ್ಟು ಲಿಬಿಯಾಕ್ಕೆ ಓಡಿಹೋದ. ಊರಿಗೆ ಊರೇ ಹಾಗೆ ನಂಬಿತ್ತು. ಬೀದಿಯ ಮಕ್ಕಳು ಅವಳನ್ನು ಲಿಬಿಯಾದವಳು ಎಂದೇ ಕರೆಯುತ್ತಿದ್ದರು. ಅಪ್ಪನ ಫೋಟೊವನ್ನು ಅವಳು ಹನ್ನೆರಡನೇ ವಯಸ್ಸಿನಲ್ಲಿ ಒಲೆಗೆ ಹಾಕಿದ್ದಳು. ಅಮ್ಮ ನೋಡಿದಳು, ತಡೆಯಲಿಲ್ಲ.

ಏಳನೇ ನಂಬರು ಅವಳ ಆಟದ ಮನೆಯಾಗಿತ್ತು. ಅಮ್ಮ ಬಸ್ ನಿಲ್ದಾಣದಲ್ಲಿ ಚಹಾ ಮಾರುವಾಗ ಅವಳು ಡಿಪೊದೊಳಗೆ ನುಸುಳಿ ಆ ಬಸ್ಸು ಹತ್ತುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಕುಣಿಯುತ್ತಿದ್ದಳು.

ಪೊಲೀಸ್ ಜೀಪಿನಲ್ಲಿ ಕೂತಾಗ ಆ ಕುಣಿತ ನೆನಪಾಯಿತು. ಕಾಲಿನ ಕೆಳಗೆ ಏನಿತ್ತು ಎನ್ನುವುದೂ. ಅವಳು ಜೀಪು ನಿಲ್ಲಿಸಿ, ಇಳಿದು, ರಸ್ತೆ ಬದಿಯಲ್ಲಿ ವಾಂತಿ ಮಾಡಿದಳು.

ಖಮೀಸ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತ. "ನಿಮ್ಮಮ್ಮ ಮಬ್ರೂಕಾ ನೆನ್ನೆ ಕಳಿಸಿದ್ದ ಕುಸ್‌ಕುಸ್ ತಿಂದ್ರಾ? ನಾನೂ ತಿಂದೆ. ರಾತ್ರಿಯಿಡೀ ನೀರು ಕುಡಿದೆ. ಅಷ್ಟು ಉಪ್ಪು ಸಮುದ್ರದಲ್ಲೂ ಇಲ್ಲ ಮೇಡಂ."

ಅವಳಿಗೆ ನಗು ಬರಲಿಲ್ಲ. ಅಮ್ಮನ ಅಡುಗೆಯ ಉಪ್ಪು ಊರಿನ ಹಳೆಯ ತಮಾಷೆ. ಚಿಕ್ಕಂದಿನಿಂದ ಅದೇ ಉಪ್ಪು ತಿಂದು ಬೆಳೆದವಳು ಅವಳು.

"ಖಮೀಸ್. ಆ ಬುಟ್ಟಿ ಹೊಲಿದವಳು ನಮ್ಮಮ್ಮ."

ಖಮೀಸ್ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದ. "ಹಾಗಾದ್ರೆ ಒಳಗಿರೋರು..."

"ಗೊತ್ತಿಲ್ಲ. ಗೊತ್ತಾದ ಕೂಡಲೇ ಸರ್ಕಾರಿ ವಕೀಲರಿಗೆ ಹೇಳಿ ಕೇಸು ಬಿಟ್ಟುಕೊಡ್ತೀನಿ. ಮೊದಲು ಆ ಗೂಡು ಮಾಡಿದವನು ಬೇಕು."

*

ಡಿಪೊದ ಹಳೆಯ ವೆಲ್ಡರ್ ಶಾದ್ಲಿ ಈಗ ಕಬ್ಬಿಣದ ಕಿಟಕಿ ಮಾಡಿ ಮಾರುತ್ತಿದ್ದ. ಠಾಣೆಯ ಬೆಂಚಿನ ಮೇಲೆ ಕೂತು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟ.

"ಆ ಗೂಡು ಮಾಡಿದ್ದು ನಾನೇ," ಎಂದ. "ಸುಳ್ಳು ಯಾಕೆ ಹೇಳಲಿ."

"ಬಚ್ಚಿಡಲಿಕ್ಕಾ?"

"ಬಚ್ಚಿಡಲಿಕ್ಕೇ. ಆದ್ರೆ ಮನುಷ್ಯರನ್ನಲ್ಲ ತಾಯಿ. ಗಡಿ ಬಸ್ಸಿಗೆಲ್ಲಾ ಹಾಕಿಕೊಟ್ಟಿದ್ದೀನಿ. ಆಚೆಯಿಂದ ಚಹಾಪುಡಿ, ಬಟ್ಟೆ, ಟೇಪ್ ರೆಕಾರ್ಡರ್ ಬರ್ತಿತ್ತು. ನಿಮ್ಮ ಮದುವೆ ಬಟ್ಟೆ..." ತಪ್ಪು ಅರಿತು ನಿಲ್ಲಿಸಿದ. ದಲಂದಾ ಮದುವೆಯಾಗಿರಲಿಲ್ಲ. "ನಿಮ್ಮಂಥೋರ ಮದುವೆ ಬಟ್ಟೆ ಎಲ್ಲಾ ಅದರಲ್ಲೇ ಬಂದಿದ್ದು ಅಂತ ಹೇಳಿದೆ."

"ನಿನಗೂ ಟಿಕೆಟ್ ಹಶ್ಮಿಗೂ ಆಗ್ತಿರಲಿಲ್ಲ ಅಂತಾರೆ," ಎಂದ ಖಮೀಸ್. "ಸಂತೇಲಿ ಚಾಕು ತೋರಿಸಿದ್ದೆ."

ಶಾದ್ಲಿಯ ಮುಖ ಇಳಿಯಿತು. ದಲಂದಾಳ ಕಡೆ ನೋಡಿ ತಕ್ಷಣ ಕಣ್ಣು ತೆಗೆದ. "ಹಶ್ಮಿನಾ ಅದು? ಅಲ್ಲಾಹ್." ಟೋಪಿಯನ್ನು ಕೈಗೆತ್ತಿಕೊಂಡ. "ತೋರಿಸಿದ್ದೆ. ಇಸ್ಪೀಟಾಟದಲ್ಲಿ ಮೋಸ ಮಾಡ್ತೀಯ ಅಂದಿದ್ದ. ಮಾಡಿದ್ದೆ ಕೂಡ. ಆದ್ರೆ ಅವನು ಊರು ಬಿಟ್ಟ ತಿಂಗಳು ನಾನು ಹೊಟ್ಟೆ ಆಪರೇಷನ್ ಆಗಿ ಟ್ಯೂನಿಸ್ಸಿನಲ್ಲಿದ್ದೆ. ಗಾಯದ ಗುರುತು ನೋಡ್ತೀರಾ?"

"ಬೇಡ. ಏಳನೇ ನಂಬರಿನ ಗೂಡಿನ ವಿಷಯ ಯಾರಿಗೆ ಗೊತ್ತಿತ್ತು?"

"ಆ ಬಸ್ಸು ಓಡಿಸಿದೋರು ಮೂರು ಜನ. ಒಬ್ಬ ಸತ್ತ. ಒಬ್ಬ ಫ್ರಾನ್ಸಿಗೆ ಹೋದ. ಇನ್ನೊಬ್ಬರು ನಿಮ್ಮ ತಿಜಾನಿ ಚಿಕ್ಕಪ್ಪ. ಅವರನ್ನೇ ಕೇಳಿ."

ತಿಜಾನಿ ರಕ್ತಸಂಬಂಧದ ಚಿಕ್ಕಪ್ಪನಲ್ಲ. ಆದರೂ ಅಪ್ಪನ ಜಾಗದಲ್ಲಿ ನಿಂತವನು. ನಿಲ್ದಾಣದಲ್ಲಿ ಚಹಾದ ಜಾಗ ಅಮ್ಮನಿಗೆ ಕೊಡಿಸಿದ್ದು ಅವನು. ಹುಡುಗಿಗೆ ಪೊಲೀಸು ಕೆಲಸ ಯಾಕೆ ಎಂದು ಊರು ಮೂಗು ಮುರಿದಾಗ, ಪರೀಕ್ಷೆಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿ ಕರೆದೊಯ್ದವನು ಅವನು. ಒಂದೇ ಒಂದು ಸಲ ಹೊಡೆದಿದ್ದ. ಏಳನೇ ನಂಬರಿನ ಹಿಂದಿನ ಸೀಟಿನ ಮೇಲೆ ಕುಣಿಯುತ್ತಿದ್ದಾಗ. ಹೊಡೆದು ಆಮೇಲೆ ತಾನೇ ಅತ್ತಿದ್ದ. ತುಕ್ಕು ತಗಡು, ಕಾಲು ಕುಯ್ದುಕೊಳ್ಳುತ್ತಿದ್ದೆ, ಎಂದಿದ್ದ.

ಆ ನೆನಪನ್ನು ದಲಂದಾ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿದಳು. ಫ್ರಾನ್ಸಿಗೆ ಹೋದವನ ವಿಳಾಸ ಹುಡುಕಲು ಖಮೀಸನಿಗೆ ಹೇಳಿದಳು.

*

ಮನೆಗೆ ಹೋದಾಗ ಮಬ್ರೂಕಾ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಮಗಳ ಮುಖ ನೋಡಿದಳು, ಒನಕೆ ನಿಲ್ಲಿಸಲಿಲ್ಲ.

"ಡಿಪೊದಲ್ಲಿ ಹೆಣ ಸಿಕ್ಕಿದೆಯಂತೆ. ಪಕ್ಕದವಳು ಹೇಳಿದ್ಲು. ಊಟ ಮಾಡಿದ್ಯಾ?"

"ಅಮ್ಮ, ಅಪ್ಪ ಹೋದ ದಿನ ಹೇಳು."

ಒನಕೆ ನಿಂತಿತು. ಆ ಮನೆಯಲ್ಲಿ 'ಅಪ್ಪ' ಎನ್ನುವ ಶಬ್ದ ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

"ಅದೇನು ಈಗ?"

"ಹೇಳಮ್ಮ."

"ಸೋಮವಾರ. ಬುಟ್ಟಿ ಕಳಿಸೋ ದಿನ." ಮಬ್ರೂಕಾ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಬೆಳಗ್ಗೆ ತಬೂನಾ ಒಲೆಯಲ್ಲಿ ರೊಟ್ಟಿ ಸುಟ್ಟೆ. ಕುಸ್‌ಕುಸ್, ಒಣಗಿಸಿದ ಮಾಂಸ ಇಟ್ಟೆ. ನೀನು ಅಳ್ತಿದ್ದೆ, ಒಂದು ಕೈಲಿ ನಿನ್ನ ಹಿಡಿದು ಇನ್ನೊಂದು ಕೈಲಿ ಹೊಲಿದೆ. ಮೀನು ಸೊಟ್ಟಗಾಯ್ತು. ತಿಜಾನಿ ಕೈಗೆ ಕೊಟ್ಟೆ. ಏಳನೇ ನಂಬರಲ್ಲಿ ಅವನೇ ಹೋಗ್ತಿದ್ದ."

"ಅವರು ತಲುಪಿಸಿದ್ರಾ?"

"ತಲುಪಿಸಿದ. ಮಾರನೇ ದಿನ ಬಂದು ಇಲ್ಲೇ, ಬಾಗಿಲಲ್ಲಿ ನಿಂತು ಹೇಳಿದ. ಹೇಳಲಿಕ್ಕಾಗದೆ ಒದ್ದಾಡಿದ ಪಾಪ. ಹಶ್ಮಿ ನನ್ನ ಕಣ್ಣೆದುರೇ ದಾರ ಕತ್ತರಿಸಿದ, ಮೆಟ್ಟಿಲ ಮೇಲೆ ಕೂತು ತಿಂದ, ಆಮೇಲೆ ಲಿಬಿಯಾ ಲಾರಿ ಹತ್ತಿದ ಅಂತ." ಅವಳು ಮೆಣಸಿನಕಾಯಿಯ ಬೀಜ ಒಂದೊಂದಾಗಿ ಆರಿಸತೊಡಗಿದಳು. "ಖಾಲಿ ಬುಟ್ಟಿ ಎಲ್ಲಿ ಅಂದೆ. ನೋಡು, ಆ ಹೊತ್ತಿನಲ್ಲೂ ಬುಟ್ಟಿ ಕೇಳಿದೆ. ಅದರಲ್ಲೇ ಬಟ್ಟೆ ತುಂಬಿಕೊಂಡು ಹೋದ ಅಂದ."

"ಮತ್ತೇನೂ ಹೇಳಲಿಲ್ವಾ?"

"ನನ್ನ ಗಂಡ ಏನಾದ್ರೂ ಅಂದ್ನಾ ಅಂತ ನಾನೇ ಕೇಳಿದೆ." ಮಬ್ರೂಕಾ ತಲೆ ಎತ್ತಲಿಲ್ಲ. "ಉಪ್ಪು ಕಡಿಮೆ ಅಂದನಂತೆ. ಅಷ್ಟೇ. ಹೆಂಡತಿಗೆ ಬಿಟ್ಟುಹೋದ ಮಾತು ಅದು."

ಒಲೆಯ ಪಕ್ಕ ಉಪ್ಪಿನ ಭರಣಿ ಇತ್ತು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭರಣಿ ಅದು. ಅದು ಯಾಕೆ ಅಷ್ಟು ದೊಡ್ಡದು ಎಂದು ಇಷ್ಟು ವರ್ಷ ಅವಳು ಕೇಳಿಯೇ ಇರಲಿಲ್ಲ.

ಬಸ್ಸಿನಲ್ಲಿ ಸಿಕ್ಕ ಬುಟ್ಟಿಯ ದಾರವನ್ನು ಯಾರೂ ಕತ್ತರಿಸಿರಲಿಲ್ಲ.

*

ಅವಳು ಸರ್ಕಾರಿ ವಕೀಲರಿಗೆ ಫೋನ್ ಮಾಡಿದಳು. ಸತ್ತವನು ನನ್ನ ತಂದೆ, ಕೇಸು ಬೇರೆಯವರಿಗೆ ಕೊಡಿ ಎಂದಳು. ಬೇರೆ ತಂಡ ಬರುವವರೆಗೆ ಖಮೀಸ್ ನೋಡಿಕೊಳ್ಳಲಿ ಎಂದರು ಅವರು. ಆಮೇಲೆ, ನೀನು ಮನೆಯಲ್ಲಿರು ಮಗಳೇ ಎಂದರು.

ಅವಳು ಮನೆಯಲ್ಲಿರಲಿಲ್ಲ. ಸ್ಫಾಕ್ಸಿನಿಂದ ತಿಜಾನಿ ಹಿಂತಿರುಗಬೇಕಿದ್ದ ಮಧ್ಯಾಹ್ನದ ಬಸ್ಸು ಬರುವ ಹೊತ್ತಾಗಿತ್ತು.

ನಿಲ್ದಾಣದಲ್ಲಿ ಬಸ್ಸುಗಳು ಮತ್ತೆ ಓಡತೊಡಗಿದ್ದವು. ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಒಬ್ಬ ತಾಯಿ ಡ್ರೈವರನ ಕೈಗೆ ಬುಟ್ಟಿ ಕೊಟ್ಟು, "ಹುಡುಗನ ಕೈಗೇ ಕೊಡಪ್ಪ, ರೂಮಿನಲ್ಲಿರೋರು ಎಲ್ಲಾ ತಿಂದುಬಿಡ್ತಾರೆ," ಎನ್ನುತ್ತಿದ್ದಳು. "ನಾನೂ ಒಂದು ತುತ್ತು ತಿಂದರೆ ತಪ್ಪಾ ತಾಯಿ?" ಎಂದು ಡ್ರೈವರ್ ನಕ್ಕ.

ದಲಂದಾ ಆ ಬುಟ್ಟಿ ಕೈಯಿಂದ ಕೈಗೆ ಹೋಗುವುದನ್ನೇ ನೋಡಿದಳು. ಹೊತ್ತೊಯ್ಯುವವನ ಹೆಸರನ್ನೂ ಆ ತಾಯಿ ಕೇಳಿರಲಿಲ್ಲ.

ಸ್ಫಾಕ್ಸಿನ ಬಸ್ಸು ಬಂತು. ತಿಜಾನಿ ಕೊನೆಯಲ್ಲಿ ಇಳಿದ. ಕಪ್ಪು ಕನ್ನಡಕ, ಒಂದು ಕಣ್ಣಿಗೆ ಹತ್ತಿಯ ಪಟ್ಟಿ. ಕೈಯಲ್ಲಿ ಮಿಠಾಯಿ ಪೊಟ್ಟಣ.

"ಯಾರು, ದಲಂದಾನಾ? ನಿನ್ನ ನಡಿಗೇಲೇ ಗೊತ್ತಾಯ್ತು. ಮಬ್ರೂಕಾಗೆ ಮಿಠಾಯಿ ತಂದಿದ್ದೀನಿ. ಅವಳ ಅಡುಗೆ ಉಪ್ಪು ಇಳಿಯಲಿ." ನಕ್ಕ. ಅವಳು ನಗದಿದ್ದಾಗ ಅವನ ನಗು ಅರ್ಧಕ್ಕೆ ನಿಂತಿತು.

"ಬೂರಾವಿ ಏಳನೇ ನಂಬರಿನ ನೆಲ ಎಬ್ಬಿಸಿದ್ದಾರೆ ಚಿಕ್ಕಪ್ಪ," ಎಂದಳು.

ತಿಜಾನಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾಣುವ ಕಣ್ಣು ಯಾವ ಕಡೆ ನೋಡುತ್ತಿದೆ ಎಂದು ಕನ್ನಡಕದಲ್ಲಿ ತಿಳಿಯಲಿಲ್ಲ. ಸುತ್ತ ಬಸ್ಸುಗಳು ಹೊರಡುತ್ತಿದ್ದವು.

"ಕೂತ್ಕೋಬೇಕು," ಎಂದ.

*

ನಿಲ್ದಾಣಾಧಿಕಾರಿಯ ಕೋಣೆಯಲ್ಲಿ ಖಮೀಸ್ ಹೇಳಿಕೆ ಬರೆದುಕೊಳ್ಳಲು ಕೂತ. ದಲಂದಾ ಗೋಡೆಗೆ ಒರಗಿ ನಿಂತಳು. ಇದು ತನ್ನ ಕೇಸಲ್ಲ ಎಂದು ಮೊದಲೇ ಹೇಳಿದಳು. ಆದರೂ ಮಾತಾಡಿದವಳು ಅವಳೇ.

"ಗೂಡಿನ ವಿಷಯ ಮೂವರಿಗೆ ಗೊತ್ತಿತ್ತು. ಮೂವರಲ್ಲಿ ಆ ಬಸ್ಸು ಗುಜರಿಗೆ ಹೋಗದ ಹಾಗೆ ನೋಡಿಕೊಂಡವರು ನೀವೊಬ್ಬರೇ. ಪ್ರತಿ ಹರಾಜಿಗೂ ಅಡ್ಡ ಬಂದ್ರಿ. ನಮ್ಮ ಮೊದಲನೇ ಬಸ್ಸು, ಇತಿಹಾಸ ಅಂದ್ರಿ. ಊರೆಲ್ಲ ಮೆಚ್ಚಿಕೊಂಡಿತು. ಹಳೆ ಬಸ್ಸು ಗುಜರಿಗೆ ಹೋದ್ರೆ ಮೊದಲು ಕೀಳೋದು ನೆಲ ಅಲ್ವಾ ಚಿಕ್ಕಪ್ಪ?"

ತಿಜಾನಿ ಮಿಠಾಯಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡ.

"ಇಷ್ಟಕ್ಕೇ ನಾನು ನಂಬ್ತಿರಲಿಲ್ಲ. ಫ್ರಾನ್ಸಿಗೆ ಹೋದವನನ್ನು ಹುಡುಕಿಸ್ತಿದ್ದೆ. ಆದ್ರೆ ಬುಟ್ಟಿ ಸಿಕ್ಕಿತು. ಅಪ್ಪ ಅದರ ದಾರ ಕತ್ತರಿಸಿದ್ದು ನೋಡಿದೆ ಅಂದ್ರಿ. ತಿಂದದ್ದು ನೋಡಿದೆ ಅಂದ್ರಿ. ಅದು ಇವತ್ತಿಗೂ ಅಮ್ಮ ಹೊಲಿದ ಹಾಗೇ ಇದೆ. ಬಾಯಿ ತೆರೆಯದ ಬುಟ್ಟಿಯಿಂದ ಅವರು ಏನು ತಿಂದ್ರು?"

ಹೊರಗೆ ಬಿರ್ ಜಫ್ನಾ, ಬಿರ್ ಜಫ್ನಾ ಎಂದು ಕಂಡಕ್ಟರ್ ಕೂಗಿದ.

"ಹಶ್ಮಿ ಕಳ್ಳಮಾಲು ನೋಡಿಬಿಟ್ಟ," ಎಂದ ತಿಜಾನಿ. ಧ್ವನಿ ಮುದುಕನದಾಗಿತ್ತು. "ತಗಡು ಎತ್ತಿ ಚಹಾದ ಮೂಟೆ ನೋಡಿದ. ನಾಳೆ ಕಂಪನಿಗೆ ಹೇಳ್ತೀನಿ ಅಂದ. ಗೆಳೆಯ ಕಣೋ ಅಂದೆ. ಗೆಳೆಯ ಅಂತಲೇ ನಾಳೆವರೆಗೆ ಕಾಯ್ತೀನಿ ಅಂದ. ತಿರುಗಿ ನಿಂತ. ಕೈಲಿ ಜಾಕಿ ರಾಡ್ ಇತ್ತು." ನಿಲ್ಲಿಸಿದ. "ಮರಳಲ್ಲಿ ಹೂಳಬೇಕು ಅಂತಿದ್ದೆ. ಮೂಟೆ ಕೆಳಗಿಳಿಸಿ ಅವನನ್ನ ಒಳಗಿಟ್ಟೆ. ಅಷ್ಟರಲ್ಲಿ ಜನ ಬಂದು ಹತ್ತಿದ್ರು. ಗಡಿ ಕಾವಲಿನವರೂ ಹತ್ತಿದ್ರು. ಊರಿನವರೆಗೆ ಹಾಡು ಹೇಳ್ಕೊಂಡು ಬಂದ್ರು, ಅವನ ಮೇಲೆ ಕಾಲಿಟ್ಕೊಂಡು. ಡಿಪೊದಲ್ಲಿ ಯಾವತ್ತೂ ಕಾವಲು, ಹೊರಗೆ ತೆಗೆಯೋ ಹಾಗಿರಲಿಲ್ಲ. ಇಂಜಿನ್ನಿಗೆ ಮರಳು ಹಾಕಿ ನಾನೇ ಕೊಂದೆ, ಬಸ್ಸು ಮೂಲೆಗೆ ಹೋಗಲಿ ಅಂತ. ಗೋಡೆಗೆ ಬಳಿಯೋ ಸುಣ್ಣ ಇತ್ತು."

"ಉಪ್ಪು?" ಎಂದಳು ದಲಂದಾ. ಅವಳಿಗೆ ಬೇಕಾಗಿದ್ದುದು ಅದೊಂದೇ ಎನ್ನಿಸಿತು. "ಉಪ್ಪು ಕಡಿಮೆ ಅಂತ ಯಾಕೆ ಹೇಳಿದ್ರಿ?"

"ನಂಬಲಿಲ್ಲ ಅವಳು. ಬರೀ ಹೋದ ಅಂದ್ರೆ ನಂಬೋ ಹಾಗಿರಲಿಲ್ಲ ಅವಳ ಕಣ್ಣು. ಏನಾದ್ರೂ ಅಂದ್ನಾ ಅಂತ ಕೇಳಿದ್ಲು. ಬಾಯಿಗೆ ಬಂದದ್ದು ಅಂದೆ. ಅದಕ್ಕೆ ನಂಬಿದ್ಲು." ಮುಖ ಮುಚ್ಚಿಕೊಂಡ. "ಅದಾದ ಮೇಲೆ ನಿಮ್ಮನೇಲಿ ಎಷ್ಟು ಸಲ ಉಂಡಿದ್ದೀನಿ, ಪ್ರತಿ ತುತ್ತಿಗೂ ಗಂಟಲು ಕಟ್ಟಿದೆ. ನೀವು ಉಪ್ಪಿಗೆ ಅಂದುಕೊಂಡ್ರಿ."

ಖಮೀಸ್ ಬರೆಯುವುದನ್ನು ನಿಲ್ಲಿಸಿದ್ದ. "ಒಂದು ಕೇಳ್ತೀನಿ ತಿಜಾನಿ ಸಾಹೇಬ್ರೇ. ಆ ಬುಟ್ಟಿನ ದಾರೀಲಿ ಎಸೆದಿದ್ರೆ ನಿಮ್ಮನ್ನ ಯಾರೂ ಹಿಡೀತಿರಲಿಲ್ಲ. ಯಾಕೆ ಎಸೀಲಿಲ್ಲ?"

ತಿಜಾನಿ ಮುಖದಿಂದ ಕೈ ತೆಗೆದ. ಆ ಪ್ರಶ್ನೆಗೆ ಅವನಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು.

"ಅದರಲ್ಲಿ ರೊಟ್ಟಿ ಇತ್ತಲ್ಲಪ್ಪ," ಎಂದ. "ರೊಟ್ಟಿನ ಯಾರಾದ್ರೂ ಮಣ್ಣಿಗೆ ಎಸೀತಾರಾ? ಮತ್ತೆ, ಅವಳು ನಂಬಿ ಕೊಟ್ಟಿದ್ದು. ಅಷ್ಟು ವರ್ಷ ಓಡಿಸಿದೆ, ಒಬ್ಬರ ಬುಟ್ಟಿನೂ ತಪ್ಪಿಸಿದವನಲ್ಲ." ದಲಂದಾಳ ಕಡೆ ತಿರುಗಿದ. "ಅವನಿಗೇ ತಲುಪಿಸಿದೆನಲ್ಲ ಮಗಳೇ."

ತನ್ನನ್ನು ಸಾಕಿದ ಕೈ ಮಿಠಾಯಿ ಪೊಟ್ಟಣದ ಮೇಲೆ ಮತ್ತೆ ಬಂದು ಕೂತಿರುವುದನ್ನು ದಲಂದಾ ನೋಡಿದಳು. ಆ ಕೈಯನ್ನು ದ್ವೇಷಿಸಲು ಹೊರಟಳು. ದ್ವೇಷ ಬರಲಿಲ್ಲ, ಇನ್ನೂ. ಇದ್ದಷ್ಟನ್ನೂ ಅವಳು ಸತ್ತವನ ಮೇಲೆ ಖರ್ಚು ಮಾಡಿ ಮುಗಿಸಿದ್ದಳು.

*

ಸಂಜೆ ಮಬ್ರೂಕಾಗೆ ಎಲ್ಲ ಹೇಳಿದಳು. ಮಬ್ರೂಕಾ ಅಳಲಿಲ್ಲ. ತಿಜಾನಿಯ ಹೆಸರು ಬಂದಾಗ ಕೈ ಎತ್ತಿ ತಡೆದಳು, ಆಮೇಲೆ, ಆಮೇಲೆ ಎನ್ನುವಂತೆ. ಒಂದೇ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಅವನು ತಿನ್ನಲೇ ಇಲ್ವಾ?"

"ಇಲ್ಲಮ್ಮ."

"ಏನೂ ಅನ್ನಲಿಲ್ವಾ?"

"ಏನೂ ಅನ್ನಲಿಲ್ಲ."

ಮಬ್ರೂಕಾ ಎದ್ದು ಒಲೆ ಹಚ್ಚಿದಳು. ಸಾವಿನ ಮನೆಗೆ ಜನ ಬರುತ್ತಾರೆ, ಅಡುಗೆಯಾಗಬೇಕು ಎಂದಳು. ಇಷ್ಟು ವರ್ಷ ಓಡಿಹೋದವನ ಹೆಂಡತಿಯಾಗಿದ್ದವಳ ಮನೆಗೆ ಇವತ್ತು ಮೊದಲ ಸಲ ಜನ ತಲೆ ತಗ್ಗಿಸಿ ಬರುವವರಿದ್ದರು. ಈರುಳ್ಳಿ ಹೆಚ್ಚಿದಳು. ಎಣ್ಣೆ ಬಿಟ್ಟಳು. ನೀರು ಕುದಿಯಿತು. ಎಡಗೈ ಅಭ್ಯಾಸದಂತೆ ದೊಡ್ಡ ಭರಣಿಯೊಳಗೆ ಹೋಗಿ ಹಿಡಿ ತುಂಬ ಉಪ್ಪು ತೆಗೆಯಿತು.

ಪಾತ್ರೆಯ ಮೇಲೆ ಬಂದು ಅಲ್ಲೇ ನಿಂತಿತು.

ಹಬೆಗೆ ಕೈ ಒದ್ದೆಯಾಯಿತು. ಆಮೇಲೆ ಮುಷ್ಟಿಯನ್ನು ಭರಣಿಗೆ ತಿರುಗಿಸಿ ಬಿಚ್ಚಿದಳು. ಮೂರು ಬೆರಳಿಗೆ ಹತ್ತಿದ್ದಷ್ಟನ್ನು ಮಾತ್ರ ಪಾತ್ರೆಗೆ ಉದುರಿಸಿದಳು.

"ನೋಡು," ಎಂದು ಸೌಟನ್ನು ಮಗಳ ಬಾಯಿಗೆ ಹಿಡಿದಳು. "ನನಗೆ ನಾಲಿಗೆ ರುಚಿ ಹೋಗಿದೆ. ಸರಿಯಾಗಿದೆಯಾ?"

"ಸರಿಯಾಗಿದೆ ಅಮ್ಮ," ಎಂದಳು ದಲಂದಾ.